ಜಾರಿಯಲ್ಲಿರುವ ದಾನ

ನಾವು ಕನ್ನಡದಲ್ಲಿ ದಿನನಿತ್ಯ ಬಳಸುವ ‘ಜಾರಿ’ ಎಂಬ ಪದ ಅರಬ್ಬಿಯಲ್ಲಿ ಹುಟ್ಟಿ, ಪಾರ್ಸಿ ಮತ್ತು ಉರ್ದುಗಳನ್ನು ದಾಟಿ ಇಲ್ಲಿಗೆ ಬಂದದ್ದು. ಕಾನೂನು ಜಾರಿಯಾಗುತ್ತದೆ, ನೋಟಿಸು ಜಾರಿಯಾಗುತ್ತದೆ, ನಿಷೇಧಾಜ್ಞೆ ಜಾರಿಯಲ್ಲಿರುತ್ತದೆ. ಹೀಗೆ ಕಚೇರಿಯ ಧೂಳು ಮೆತ್ತಿಕೊಂಡ ಈ ಪದಕ್ಕೆ ಮೂಲದಲ್ಲಿದ್ದ ಅರ್ಥ ‘ಹರಿಯುವುದು’. ಸ್ವರ್ಗದ ಹರಿಯುವ ಚಿಲುಮೆಯನ್ನು ವರ್ಣಿಸುವಾಗ ಕುರ್‌ಆನ್ ಬಳಸುವುದೂ ಇದೇ ಪದವನ್ನು. ಇಸ್ಲಾಮಿನಲ್ಲಿ ‘ಸದಕಾ ಜಾರಿಯಾ’ ಎಂದು ಕರೆಯುವ ದಾನದ ಹೆಸರಿನಲ್ಲಿರುವ ಜಾರಿಯೂ ಅದೇ. ಹರಿಯುತ್ತಲೇ ಇರುವ ದಾನ. ಕೊಟ್ಟವನು ಸತ್ತ ಮೇಲೂ ಜಾರಿಯಲ್ಲಿರುವ ದಾನ.

ಮಸೀದಿಯ ಪ್ರವಚನಗಳಲ್ಲಿ ನಾನು ಚಿಕ್ಕಂದಿನಿಂದ ಕೇಳುತ್ತ ಬಂದ ಹದೀಸ್‌ಗಳಲ್ಲಿ ಇದರದ್ದೂ ಒಂದಿದೆ. ಅಬೂ ಹುರೈರಾ ವರದಿ ಮಾಡಿದ, ಸಹೀಹ್ ಮುಸ್ಲಿಮ್ ಸಂಗ್ರಹದಲ್ಲಿರುವ ಆ ಮಾತಿನ ಸಾರಾಂಶ ಇಷ್ಟು: ಮನುಷ್ಯ ಸತ್ತಾಗ ಅವನ ಕರ್ಮಗಳ ಪುಸ್ತಕ ಮುಚ್ಚಿಹೋಗುತ್ತದೆ. ಆದರೆ ಮೂರು ಬಾಬ್ತುಗಳು ಮಾತ್ರ ತೆರೆದೇ ಇರುತ್ತವೆ. ಹರಿಯುತ್ತಿರುವ ದಾನ, ಇತರರಿಗೆ ಉಪಯೋಗವಾಗುತ್ತಿರುವ ಜ್ಞಾನ, ತನಗಾಗಿ ಪ್ರಾರ್ಥಿಸುವ ಸಜ್ಜನ ಸಂತಾನ. ಬಾವಿ ತೋಡಿಸಿದವನು ಮಣ್ಣಾಗಿ ಹೋದ ಮೇಲೂ ಅದರ ನೀರು ಕುಡಿದ ಪ್ರತಿಯೊಂದು ಜೀವದ ಲೆಕ್ಕ ಅವನ ಪುಣ್ಯಕ್ಕೆ ಸೇರುತ್ತಲೇ ಇರುತ್ತದೆ ಎಂದು ಉಸ್ತಾದರು ವಿವರಿಸುತ್ತಿದ್ದರು.

ಕೇಳಲು ಸೊಗಸಾದ ಮಾತು. ಆದರೆ ಸ್ವಲ್ಪ ಯೋಚಿಸುವವರಿಗೆ ಒಂದು ಮುಜುಗರ ಎದುರಾಗದೆ ಇರುವುದಿಲ್ಲ. ಇದು ಪುಣ್ಯದ ಫಿಕ್ಸೆಡ್ ಡಿಪಾಸಿಟ್ ಅಲ್ಲವೇ? ಒಮ್ಮೆ ಹಣ ಹೂಡಿದರೆ ಕಾಲಕಾಲಕ್ಕೂ ಬಡ್ಡಿ. ಬಡ್ಡಿಯನ್ನು ಅಷ್ಟೊಂದು ಕಟುವಾಗಿ ನಿಷೇಧಿಸಿದ ಧರ್ಮ ಪರಲೋಕದ ಖಾತೆಯಲ್ಲಿ ಮಾತ್ರ ಚಕ್ರಬಡ್ಡಿಯ ಆಸೆ ಹುಟ್ಟಿಸುತ್ತಿದೆಯೇ? ನಿಷ್ಕಾಮ ಕರ್ಮದ ಮಾತು ಕೇಳಿ ಬೆಳೆದ ನಮ್ಮ ನೆಲದ ಕಿವಿಗೆ, ಕರ್ತವ್ಯವನ್ನು ಕರ್ತವ್ಯಕ್ಕಾಗಿಯೇ ಮಾಡಬೇಕೆಂದ ಕಾಂಟ್‌ನನ್ನು ಓದಿದ ವಿದ್ಯಾರ್ಥಿಗೆ, ಪ್ರತಿಫಲದ ಆಸೆಯಿಂದ ಮಾಡಿದ ದಾನ ದಾನವಾಗಿ ಕಾಣುವುದೇ ಕಷ್ಟ. ಸಾವಿಗೆ ಹೆದರಿದ ಮನುಷ್ಯ ತನ್ನ ಹೆಸರನ್ನು ಕಲ್ಲಿನಲ್ಲೂ ಕಾಂಕ್ರೀಟಿನಲ್ಲೂ ಉಳಿಸಿಕೊಳ್ಳಲು ಹುಡುಕಿದ ಧಾರ್ಮಿಕ ಉಪಾಯವೇ ಇದು?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು ಎಂದು ನನಗನಿಸುತ್ತದೆ. ಉತ್ತರ ಹುಡುಕುವ ಮುನ್ನ ಹದೀಸಿನ ಮೂರು ಬಾಬ್ತುಗಳನ್ನು ಇನ್ನೊಮ್ಮೆ ನೋಡಬೇಕು. ಹರಿಯುವ ದಾನಕ್ಕೆ ಅದನ್ನು ಬಳಸುವವರು ಬೇಕು. ಉಪಯುಕ್ತ ಜ್ಞಾನಕ್ಕೆ ಕಲಿಯುವವರು ಬೇಕು. ಪ್ರಾರ್ಥನೆಗೆ ಮಕ್ಕಳ ಮನಸ್ಸು ಬೇಕು. ಮೂರರಲ್ಲಿ ಒಂದೂ ಸತ್ತವನ ಹಿಡಿತದಲ್ಲಿಲ್ಲ. ಅವನು ಕೂಡಿಟ್ಟದ್ದು, ಗೆದ್ದದ್ದು, ಕೊನೆಗೆ ಅವನ ನಮಾಝು ಉಪವಾಸಗಳು ಕೂಡ ಮುಚ್ಚಿದ ಪುಸ್ತಕದಲ್ಲಿ ನಿಂತುಬಿಟ್ಟವು. ಮುಂದುವರಿದದ್ದು ಕೈಬಿಟ್ಟು ಹೋದದ್ದು ಮಾತ್ರ, ಬೇರೆಯವರ ಕೈ ಸೇರಿದ್ದು ಮಾತ್ರ. ಬ್ಯಾಂಕಿನ ಠೇವಣಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಠೇವಣಿಯಲ್ಲಿ ಅಸಲು ನನ್ನದಾಗಿಯೇ ಇರುತ್ತದೆ, ಬೇಕೆಂದಾಗ ಹಿಂತೆಗೆಯಬಹುದು. ಇಲ್ಲಿ ಅಸಲು ನನ್ನದಲ್ಲ ಎಂದು ಒಪ್ಪಿಕೊಂಡ ಕ್ಷಣದಿಂದಲೇ ಲೆಕ್ಕ ಶುರು.

ಇದೇ ಅರ್ಥದ ಒಂದು ಪುಟ್ಟ ಪ್ರಸಂಗ ತಿರ್ಮಿದಿಯ ಸಂಗ್ರಹದಲ್ಲಿದೆ. ಪ್ರವಾದಿ ಮುಹಮ್ಮದರ ಮನೆಯಲ್ಲಿ ಒಂದು ಆಡನ್ನು ಕೊಯ್ದು ಮಾಂಸ ಹಂಚಿದ್ದರು. ಏನು ಉಳಿಯಿತು ಎಂದು ಪ್ರವಾದಿಯವರು ಕೇಳಿದರು. ಭುಜದ ಭಾಗವೊಂದು ಬಿಟ್ಟರೆ ಏನೂ ಉಳಿದಿಲ್ಲ ಎಂದರು ಆಯಿಷಾ. ಹಾಗಾದರೆ ಭುಜವೊಂದನ್ನು ಬಿಟ್ಟು ಉಳಿದದ್ದೆಲ್ಲ ಉಳಿಯಿತು ಎಂದು ಪ್ರವಾದಿಯವರು ತಿದ್ದಿದರು. ಮನೆಯ ಲೆಕ್ಕ ತಲೆಕೆಳಗಾಗುವುದು ಹೀಗೆ. ಅಡುಗೆಮನೆಯಲ್ಲಿ ಉಳಿದದ್ದು ಕಳೆದುಹೋದದ್ದು, ಬೀದಿಗೆ ಹೋದದ್ದು ಉಳಿದದ್ದು.

ಈ ತಿಳಿವಳಿಕೆ ಸಂಸ್ಥೆಯ ರೂಪ ತಾಳಿದ್ದು ವಕ್ಫ್‌ನಲ್ಲಿ. ಖೈಬರ್‌ನಲ್ಲಿ ಉಮರ್ ಅವರಿಗೆ ಒಂದು ಜಮೀನು ಸಿಕ್ಕಿತು. ಅದಕ್ಕಿಂತ ಬೆಲೆಬಾಳುವ ಆಸ್ತಿ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಏನು ಮಾಡಲಿ ಎಂದು ಪ್ರವಾದಿಯವರನ್ನು ಕೇಳಿದರು. ಬೇಕಾದರೆ ಮೂಲವನ್ನು ತಡೆಹಿಡಿ, ಫಲವನ್ನು ದಾನ ಮಾಡು ಎಂಬುದು ಸಿಕ್ಕ ಸಲಹೆ. ಆ ಜಮೀನನ್ನು ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ವಾರಸುದಾರರು ಹಂಚಿಕೊಳ್ಳುವಂತಿಲ್ಲ. ಅದರ ಫಸಲು ಬಡವರಿಗೆ, ಬಂಧುಗಳಿಗೆ, ಗುಲಾಮರ ಬಿಡುಗಡೆಗೆ, ಪ್ರಯಾಣಿಕರಿಗೆ, ಅತಿಥಿಗಳಿಗೆ. ನೋಡಿಕೊಳ್ಳುವವರು ನ್ಯಾಯವಾಗಿ ತಿನ್ನಬಹುದು, ಆದರೆ ಕೂಡಿಡುವಂತಿಲ್ಲ. ತಮ್ಮ ನಂತರ ಅದನ್ನು ನೋಡಿಕೊಳ್ಳುವ ಹೊಣೆಯನ್ನು ಉಮರ್ ವಹಿಸಿದ್ದು ಮಗಳು ಹಫ್ಸಾಗೆ.

ವಕ್ಫ್ ಎಂಬ ಪದಕ್ಕೆ ‘ನಿಲ್ಲಿಸುವುದು, ತಡೆಹಿಡಿಯುವುದು’ ಎಂದರ್ಥ. ಜಾರಿಯಾ ಎಂದರೆ ಹರಿಯುವುದು. ಹರಿಯುವ ದಾನ ಸಾಧ್ಯವಾಗಬೇಕಾದರೆ ಏನೋ ಒಂದು ನಿಲ್ಲಬೇಕು. ಕೆರೆ ಕಟ್ಟಿ ಬದುಕಿದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏರಿ ಗಟ್ಟಿಯಾಗಿ ನಿಂತರಷ್ಟೇ ತೂಬಿನಿಂದ ಕಾಲುವೆಗೆ ನೀರು. ವಕ್ಫ್‌ನಲ್ಲಿ ನಿಲ್ಲಬೇಕಾದದ್ದು ‘ಇದು ನನ್ನದು’ ಎಂಬ ಹಕ್ಕಿನ ಓಟ. ಮಾರಾಟದಿಂದ ಮಾರಾಟಕ್ಕೆ, ತಂದೆಯಿಂದ ಮಗನಿಗೆ ಓಡುತ್ತಲೇ ಇರುವ ಒಡೆತನವನ್ನು ಒಂದು ಕಡೆ ಕಟ್ಟಿ ನಿಲ್ಲಿಸಿದಾಗ ಅದರ ಫಲ ಯಾರ ಕಡೆಗೂ ಹರಿಯಬಲ್ಲದು.

ಹೀಗೆ ಒಡೆತನ ಬಿಟ್ಟುಕೊಡುವುದು ಎಷ್ಟು ಪೂರ್ತಿಯಾಗಿರಬೇಕು ಎಂಬುದಕ್ಕೆ ಮದೀನಾದ ರೂಮಾ ಬಾವಿಯ ಕಥೆಯಷ್ಟು ಕಠಿಣವಾದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಮಕ್ಕಾದಿಂದ ವಲಸೆ ಬಂದವರಿಗೆ ಮದೀನಾದಲ್ಲಿ ಸಿಹಿನೀರಿನ ತೊಂದರೆಯಿತ್ತು. ರೂಮಾ ಬಾವಿಯ ನೀರಿಗೆ ದುಡ್ಡು ಕೊಡಬೇಕಿತ್ತು. ಅದನ್ನು ಕೊಂಡು, ಎಲ್ಲರ ಬಿಂದಿಗೆಯ ಜೊತೆ ತನ್ನ ಬಿಂದಿಗೆಯನ್ನೂ ಇಳಿಸುವವರು ಯಾರು ಎಂದು ಪ್ರವಾದಿಯವರು ಕೇಳಿದಾಗ ವರ್ತಕರಾಗಿದ್ದ ಉಸ್ಮಾನ್ ಮುಂದೆ ಬಂದರು. ಷರತ್ತನ್ನು ಗಮನಿಸಬೇಕು. ಕೊಟ್ಟವನಿಗೆ ಪ್ರತ್ಯೇಕ ಸಾಲಿಲ್ಲ, ಮೊದಲ ಸರದಿಯಿಲ್ಲ. ಅವನ ಬಿಂದಿಗೆಯೂ ಎಲ್ಲರ ಬಿಂದಿಗೆಗಳಲ್ಲಿ ಒಂದು.

ಕಥೆ ಅಲ್ಲಿಗೇ ಮುಗಿದಿದ್ದರೆ ಅದೊಂದು ನೀತಿಕಥೆಯಾಗಿ ಉಳಿಯುತ್ತಿತ್ತು. ಆದರೆ ವರ್ಷಗಳು ಕಳೆದು ಉಸ್ಮಾನ್ ಮೂರನೆಯ ಖಲೀಫರಾದರು. 656ರಲ್ಲಿ ಬಂಡಾಯಗಾರರು ಮದೀನಾದಲ್ಲಿ ಅವರ ಮನೆಗೆ ಮುತ್ತಿಗೆ ಹಾಕಿದರು. ಮುತ್ತಿಗೆ ಹಾಕಿದವರ ಎದುರು ನಿಂತು ಉಸ್ಮಾನ್ ಆ ಬಾವಿಯನ್ನು ನೆನಪಿಸಿದರೆಂದು ಹದೀಸ್ ಸಂಗ್ರಹಗಳು ಹೇಳುತ್ತವೆ. ಅದನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟವನು ನಾನು, ಇವತ್ತು ಅದರ ನೀರು ನನಗೇ ಇಲ್ಲವಾಗಿದೆ, ಉಪ್ಪುನೀರು ಕುಡಿಯುತ್ತಿದ್ದೇನೆ ಎಂದರು. ಬಾವಿಯ ವಿಷಯ ನಿಜವೆಂದು ಅವರು ಒಪ್ಪಿಕೊಂಡರು. ಮುತ್ತಿಗೆ ಮಾತ್ರ ಸಡಿಲವಾಗಲಿಲ್ಲ. ಕೆಲವು ದಿನಗಳಲ್ಲಿ ಉಸ್ಮಾನ್ ಕೊಲೆಯಾದರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಜನರ ಕೃತಘ್ನತೆಯ ಉದಾಹರಣೆಯಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ನನಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ದಾನ ಎಷ್ಟು ಪೂರ್ತಿಯಾಗಿ ಕೈಬಿಟ್ಟು ಹೋಗಬಲ್ಲದೆಂದರೆ, ಆಪತ್ತಿನಲ್ಲಿ ಒಂದು ಗುಟುಕಿಗಾಗಿಯೂ ಅದು ಹಿಂತಿರುಗಿ ಬರದೆ ಇರಬಹುದು. ಅದೇ ಬಾವಿಯ ನೀರು ವೈರಿಗಳ ಗಂಟಲಿಗೂ ಇಳಿಯಬಹುದು. ಈ ಲೋಕದಲ್ಲಿ ಖಾತರಿಯಿರುವ ಯಾವ ಲಾಭವೂ ಇಲ್ಲಿಲ್ಲ, ಕೃತಜ್ಞತೆ ಕೂಡ. ಹಾಗೆ ನೋಡಿದರೆ ಪರಲೋಕದ ಪ್ರತಿಫಲದ ಮಾತು ದುರಾಸೆಯನ್ನು ಬೆಳೆಸುವುದಕ್ಕಿಂತ ಹೆಚ್ಚಾಗಿ ಇಹಲೋಕದ ವಸೂಲಿಯನ್ನು ತಡೆಯುತ್ತದೆ. ನಿನ್ನ ಲೆಕ್ಕ ಬೇರೆ ಕಡೆ ಇದೆ, ಕುಡಿದವರ ಬಾಗಿಲು ತಟ್ಟಬೇಡ ಎನ್ನುತ್ತದೆ. ಮನುಷ್ಯನ ಸ್ವಾರ್ಥವನ್ನು ಪೂರ್ತಿ ಸುಟ್ಟುಬಿಡಲು ಆಗದು ಎಂದು ತಿಳಿದ ಧರ್ಮ, ಅದನ್ನು ಆತ ಎಂದೂ ನೋಡದ, ಹೆಸರೂ ಗೊತ್ತಿರದ, ಇನ್ನೂ ಹುಟ್ಟದ ಜನರ ಕಡೆಗೆ ತಿರುಗಿಸಿದೆ. ಇದು ನಿಷ್ಕಾಮವಲ್ಲ, ನಿಜ. ಆದರೆ ಕಾಮನೆಗೆ ಹಾಕಿಕೊಟ್ಟ ಒಳ್ಳೆಯ ಕಾಲುವೆ.

ಹಾಗೆಂದು ಹರಿಯುವ ದಾನದ ಇತಿಹಾಸವನ್ನೆಲ್ಲ ಹಾಡಿ ಹೊಗಳಿ ಮುಗಿಸುವಂತಿಲ್ಲ. 1326ರಲ್ಲಿ ಡಮಾಸ್ಕಸ್‌ಗೆ ಬಂದ ಪ್ರವಾಸಿ ಇಬ್ನ್ ಬತೂತ ಅಲ್ಲಿನ ವಕ್ಫ್‌ಗಳ ವೈವಿಧ್ಯ ನೋಡಿ ಬೆರಗಾಗಿದ್ದ. ಬಡ ಹೆಣ್ಣುಮಕ್ಕಳ ಮದುವೆಗೆ, ಸೆರೆಯಾಳುಗಳ ಬಿಡುಗಡೆಗೆ, ಬೀದಿಗೆ ಕಲ್ಲು ಹಾಸುವುದಕ್ಕೆ ಒಂದೊಂದು ವಕ್ಫ್. ಒಂದು ದಿನ ಓಣಿಯಲ್ಲಿ ಒಬ್ಬ ಎಳೆಯ ಗುಲಾಮನ ಕೈಯಿಂದ ಚೀನಾ ಪಿಂಗಾಣಿಯ ತಟ್ಟೆ ಜಾರಿ ಬಿದ್ದು ಒಡೆಯಿತು. ಜನ ಸೇರಿದರು. ಚೂರುಗಳನ್ನು ಆಯ್ದುಕೊಂಡು ಪಾತ್ರೆಗಳ ವಕ್ಫ್ ನೋಡಿಕೊಳ್ಳುವವರ ಬಳಿ ಹೋಗು ಎಂದು ಒಬ್ಬರು ಹೇಳಿದರು. ಹುಡುಗ ಹೋಗಿ ತೋರಿಸಿದ, ಅಂಥದೇ ತಟ್ಟೆ ಕೊಳ್ಳಲು ಹಣ ಸಿಕ್ಕಿತು. ಹುಡುಗನಿಗೆ ಒಡೆಯನ ಹೊಡೆತ ತಪ್ಪಿತು, ಮುರಿದ ಮನಸ್ಸನ್ನು ಕೂಡಿಸುವ ದಾನವಿದು ಎಂದು ಇಬ್ನ್ ಬತೂತ ಮೆಚ್ಚಿಕೊಂಡ.

ಮೊದಲ ಸಲ ಓದಿದಾಗ ನನಗೂ ಕಣ್ಣು ತೇವವಾಗಿತ್ತು. ಯಾರೋ ಒಬ್ಬ ದಾನಿ ತಟ್ಟೆ ಒಡೆದ ಆಳುಮಕ್ಕಳ ಹೆದರಿಕೆಯನ್ನು ಊಹಿಸಿಕೊಂಡು ಅದಕ್ಕೆಂದೇ ಆಸ್ತಿ ಬಿಟ್ಟುಹೋಗಿದ್ದಾನೆ. ಆದರೆ ಎರಡನೇ ಓದಿಗೆ ಪ್ರಶ್ನೆ ಎದ್ದಿತು. ತಟ್ಟೆಯ ಬದಲಿಗೆ ತಟ್ಟೆ ಬಂತು, ಹುಡುಗ ಮಾತ್ರ ಗುಲಾಮನಾಗಿಯೇ ಮನೆಗೆ ಹೋದ. ಗುಲಾಮರ ಬಿಡುಗಡೆಗೆ ಉಮರ್ ತಮ್ಮ ಜಮೀನಿನ ಫಲದಲ್ಲೇ ಪಾಲಿಟ್ಟು ಏಳು ಶತಮಾನಗಳಾಗಿದ್ದವು. ಜೆರುಸಲೇಮಿನಲ್ಲಿಯೂ ಇಂಥದೇ ಒಂದು ಸಿಕ್ಕು ಕಾಣುತ್ತದೆ. ಒಟ್ಟೊಮನ್ ಸುಲ್ತಾನ ಸುಲೈಮಾನನ ಮಡದಿ ಹುರ್ರೆಮ್ 1552ರಲ್ಲಿ ಅಲ್ಲೊಂದು ದಾಸೋಹದ ಅಡುಗೆಮನೆ ಕಟ್ಟಿಸಿದಳು. ಅವಳು ಸ್ವತಃ ಗುಲಾಮಳಾಗಿ ಅರಮನೆ ಸೇರಿದವಳು. ದಿನಾ ಎಂಥ ಗಂಜಿ ಕಾಯಿಸಬೇಕು ಎಂಬುದೂ ದಾನಪತ್ರದಲ್ಲಿದೆ. ಆ ಅಡುಗೆಮನೆ ನಮ್ಮ ಕಾಲದವರೆಗೂ ಹಸಿದವರಿಗೆ ಬಡಿಸುತ್ತ ಬಂದಿದೆ. ಆದರೆ ಅದರ ಒಲೆ ಉರಿಯಲು ಹಣ ಬಂದದ್ದು ಸುತ್ತಲಿನ ಹಳ್ಳಿಗಳ ರೈತರು ತೆತ್ತ ತೆರಿಗೆಯಿಂದ. ಗಂಜಿಯ ಪುಣ್ಯ ಹುರ್ರೆಮ್‌ಗೆ ಮಾತ್ರವೇ, ಗೋಧಿ ಬೆಳೆದವರಿಗೂ ಇಲ್ಲವೇ?

ಹರಿಯುವ ದಾನ ಗಾಯಕ್ಕೆ ಮುಲಾಮು ಹಚ್ಚುತ್ತಲೇ ಇರಬಹುದು, ಗಾಯ ಮಾಡುವ ಕೈಯನ್ನು ಹಿಡಿಯದೆ ಇರಬಹುದು. ದಾನ ನ್ಯಾಯದ ಜಾಗವನ್ನು ತುಂಬಲಾರದು. ‘ಸದಕಾ’ ಪದದ ಧಾತುವಿನಲ್ಲೇ ಸತ್ಯ ಎಂಬ ಅರ್ಥವಿದೆ. ಕೊಟ್ಟದ್ದು ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವುದೂ ಆ ಸತ್ಯದ ಭಾಗ. ಕೂಲಿಯವರ ಸಂಬಳ ಹಿಡಿದಿಟ್ಟುಕೊಂಡು ಊರಿಗೆ ಬೋರ್‌ವೆಲ್ ಹಾಕಿಸಿದವನ ಲೆಕ್ಕದಲ್ಲಿ ಯಾವುದು ಮೊದಲು ಬರೆಯಲ್ಪಡುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಯಾಕೆಂದರೆ ಹರಿಯುವುದು ಒಳಿತು ಮಾತ್ರವಲ್ಲ. ಮುದರ್ ಬುಡಕಟ್ಟಿನ ಜನ ಹರಕು ಕಂಬಳಿ ಸುತ್ತಿಕೊಂಡು ಮದೀನಾಕ್ಕೆ ಬಂದಾಗ ಅವರ ಸ್ಥಿತಿ ನೋಡಿ ಪ್ರವಾದಿಯವರ ಮುಖ ಕಳೆಗುಂದಿತು. ಅರ್ಧ ಖರ್ಜೂರವಾದರೂ ಸರಿ, ಕೊಡಿ ಎಂದು ಜನರನ್ನು ಕೇಳಿಕೊಂಡರು. ಒಬ್ಬ ಅನ್ಸಾರಿ ಕೈಯಲ್ಲಿ ಹಿಡಿಯಲಾಗದಷ್ಟು ಭಾರದ ಚೀಲ ಹೊತ್ತು ತಂದ. ಅವನ ಹಿಂದೆ ಸಾಲುಗಟ್ಟಿ ಜನ ಬಂದರು, ಬಟ್ಟೆ ಮತ್ತು ಧಾನ್ಯದ ಎರಡು ರಾಶಿಗಳಾದವು. ಆಗ ಪ್ರವಾದಿಯವರು ಹೇಳಿದ ಮಾತಿಗೆ ಎರಡು ಮಗ್ಗುಲುಗಳಿವೆ. ಒಳ್ಳೆಯ ರೂಢಿಯೊಂದನ್ನು ಆರಂಭಿಸಿದವನಿಗೆ ಅದನ್ನು ಅನುಸರಿಸಿದವರ ಪುಣ್ಯವೂ ಸೇರುತ್ತದೆ, ಅನುಸರಿಸಿದವರ ಪಾಲು ಕಡಿಮೆಯಾಗದೆ. ಕೆಟ್ಟ ರೂಢಿಯನ್ನು ಆರಂಭಿಸಿದವನ ಹೆಗಲಿಗೆ ಅದನ್ನು ಅನುಸರಿಸಿದವರ ಭಾರವೂ ಬೀಳುತ್ತದೆ.

ಮೊದಲ ಮಗ್ಗುಲನ್ನು ನಾವು ಸಂತೋಷದಿಂದ ನೆನಪಿಟ್ಟುಕೊಳ್ಳುತ್ತೇವೆ, ಎರಡನೆಯದನ್ನು ಮರೆಯುತ್ತೇವೆ. ಬೆರಳ ತುದಿಯಿಂದ ಒಂದು ಸುಳ್ಳನ್ನು ಫಾರ್ವರ್ಡ್ ಮಾಡಿದರೆ ಅದು ಎಷ್ಟು ಮನೆಗಳಿಗೆ ಹೋಗುತ್ತದೆ, ಯಾರ ಅಂಗಡಿ ಮುಚ್ಚಿಸುತ್ತದೆ, ಯಾವ ನೆರೆಹೊರೆ ಮುರಿಯುತ್ತದೆ ಎಂಬುದು ಕಳಿಸಿದವನಿಗೆ ಗೊತ್ತಾಗುವುದೇ ಇಲ್ಲ. ಅವನು ಮರೆತ ಮೇಲೂ ಅದು ಜಾರಿಯಲ್ಲಿರುತ್ತದೆ. ಬಾವಿ ತೋಡಲು ಹಣವಿಲ್ಲದ ವಿದ್ಯಾರ್ಥಿಗೂ ಹರಿಯುವ ಪಾಪವನ್ನು ತನ್ನ ಬಳಿ ತಡೆದು ನಿಲ್ಲಿಸುವ ಅವಕಾಶ ಇದೆ.

ಇನ್ನು ಹೆಸರಿನ ಮಾತು. ನಮ್ಮ ಮಸೀದಿಗಳಲ್ಲಿ, ದೇವಸ್ಥಾನಗಳಲ್ಲಿ ಸೀಲಿಂಗ್ ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರು ಬರೆದಿರುವುದನ್ನು ನೋಡಿ ನಗದವರು ಕಡಿಮೆ. ಫ್ಯಾನು ತಿರುಗುವಾಗ ಹೆಸರು ಓದಲಾಗುವುದಿಲ್ಲ, ಓದಬೇಕೆಂದರೆ ಗಾಳಿ ನಿಲ್ಲಿಸಬೇಕು. ಆದರೆ ಹೆಸರೆಲ್ಲವೂ ಜಂಭವಲ್ಲ. ಸಅದ್ ಬಿನ್ ಉಬಾದಾ ತಾಯಿಯನ್ನು ಕಳೆದುಕೊಂಡು, ಅವರ ಹೆಸರಲ್ಲಿ ಯಾವ ದಾನ ಉತ್ತಮ ಎಂದು ಕೇಳಿದಾಗ ಬಂದ ಉತ್ತರ ‘ನೀರು’. ಅವರು ಬಾವಿ ತೋಡಿಸಿ ಇದು ಸಅದ್‌ನ ತಾಯಿಗಾಗಿ ಎಂದರು. ಅದು ಮಗನ ದುಃಖದ ಗುರುತು. ತೀರಿಕೊಂಡವರ ಹೆಸರನ್ನು ಕಲ್ಲಿನ ಮೇಲೆ ಬರೆಸುವ ಅನೇಕರ ಮನಸ್ಸಿನಲ್ಲಿರುವುದು ಕುಡಿದವರು ಒಂದು ದುಆ ಮಾಡಲಿ ಎಂಬ ಬೇಡಿಕೆ.

ನನ್ನ ತಕರಾರು ಹೆಸರಿನ ಬಗ್ಗೆ ಅಲ್ಲ, ಹೆಸರು ಬರೆಸಿದ ಮರುದಿನದ ಬಗ್ಗೆ. ಬೀದರಿನಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದ್ರಸ ಇದೆ. ಇರಾನಿನ ಗೀಲಾನ್‌ನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು ಗವಾನ್. 1472ರ ಹೊತ್ತಿಗೆ ಎದ್ದ ಆ ಕಟ್ಟಡದಲ್ಲಿ ಪಾಠದ ಕೋಣೆಗಳು, ವಿದ್ಯಾರ್ಥಿಗಳ ವಸತಿ, ದೊಡ್ಡ ಗ್ರಂಥಾಲಯ ಇದ್ದವು. ನಕಲಿ ಪತ್ರವೊಂದರ ಆಧಾರದಲ್ಲಿ ಸುಲ್ತಾನ 1481ರಲ್ಲಿ ಗವಾನನನ್ನು ಕೊಲ್ಲಿಸಿದ. ಮೊಘಲರ ಕಾಲಕ್ಕೆ ಆ ವಿದ್ಯಾಮಂದಿರದಲ್ಲಿ ಸಿಡಿಮದ್ದು ಶೇಖರಿಸಿಟ್ಟಿದ್ದರು. 1696ರಲ್ಲಿ ಅದು ಸ್ಫೋಟಿಸಿ ಕಟ್ಟಡದ ದೊಡ್ಡ ಭಾಗ ಬಿದ್ದುಹೋಯಿತು. ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ, ಗೋಡೆಗಳಿಗೆ ಅಲ್ಲಲ್ಲಿ ನೀಲಿ ಹೆಂಚಿನ ಚೂರುಗಳು ಅಂಟಿಕೊಂಡಿವೆ. ಸ್ಥಾಪಿಸಿದವನು ಏನು ಬಯಸಿದ್ದರೂ, ಪುಸ್ತಕದ ಕೋಣೆಯಲ್ಲಿ ಮದ್ದಿನ ಚೀಲ ಇಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ನಂತರ ಬಂದವರೇ.

ನಮ್ಮ ಹಳಬರಿಗೆ ಇದು ಗೊತ್ತಿತ್ತು. ಕನ್ನಡದ ಶಾಸನಗಳಲ್ಲಿ ಕೆರೆ ಕಟ್ಟಿಸಿದ್ದಷ್ಟೇ ಅಲ್ಲ, ಅದರ ದುರಸ್ತಿಗೆಂದು ‘ಬಿತ್ತುವಟ್ಟ’ ಬಿಟ್ಟದ್ದೂ ದಾಖಲಾಗಿದೆ. ಉಮರ್ ಕೂಡ ಜಮೀನಿನ ಜೊತೆಗೇ ನೋಡಿಕೊಳ್ಳುವವರ ಊಟದ ಮಾತನ್ನೂ ಸೇರಿಸಿದ್ದರು. ಈ ನೋಡಿಕೊಳ್ಳುವಿಕೆ ಸೊರಗಿದರೆ ಏನಾಗುತ್ತದೆ ಎಂಬುದಕ್ಕೆ 2006ರ ಸಾಚಾರ್ ಸಮಿತಿಯ ವರದಿ ಸಾಕ್ಷಿ. ದೇಶದಲ್ಲಿ ನೋಂದಣಿಯಾದ ವಕ್ಫ್‌ಗಳು 4.9 ಲಕ್ಷಕ್ಕೂ ಹೆಚ್ಚು, ಅವುಗಳ ವಾರ್ಷಿಕ ಆದಾಯ ಸುಮಾರು 163 ಕೋಟಿ ರೂಪಾಯಿ ಎಂದು ಅದು ಲೆಕ್ಕ ಹಾಕಿತ್ತು. ಸರಾಸರಿ ತೆಗೆದರೆ ಒಂದು ವಕ್ಫ್‌ಗೆ ವರ್ಷಕ್ಕೆ ಮೂರು ಸಾವಿರದ ಆಸುಪಾಸು. ಅವುಗಳಲ್ಲಿ ಮಸೀದಿ, ಖಬರಸ್ತಾನಗಳಂಥ ಆದಾಯ ತರದ ಜಾಗಗಳೂ ಇವೆ, ಒಪ್ಪೋಣ. ಆದರೂ ಒತ್ತುವರಿ, ಜುಜುಬಿ ಬಾಡಿಗೆ, ಮುತವಲ್ಲಿಗಳ ಆಲಸ್ಯ ಎಲ್ಲ ಸೇರಿ ಎಷ್ಟೋ ಹರಿವುಗಳು ಬತ್ತಿವೆ. ಆಸ್ತಿ ಬಿಟ್ಟುಹೋದವರ ಪುಣ್ಯದ ಪುಸ್ತಕ ಆಕಾಶದಲ್ಲಿ ತೆರೆದಿರಬಹುದು, ಅದರಲ್ಲಿ ಬರೆಯುವ ಶಾಯಿ ಇರುವುದು ಬದುಕಿರುವವರ ಕೈಯಲ್ಲಿ.

ಹಾಗಾದರೆ ಮುಂದಿನವರು ಕೈಬಿಟ್ಟರೆ ಮೊದಲು ಕೊಟ್ಟವನ ಶ್ರಮ ವ್ಯರ್ಥವೇ? ಇಲ್ಲಿ ನನಗೆ ನೆನಪಾಗುವುದು ಗಿಡದ ಕುರಿತ ಎರಡು ಹದೀಸ್‌ಗಳು. ಒಂದರ ಪ್ರಕಾರ, ಯಾರಾದರೂ ನೆಟ್ಟ ಗಿಡದಿಂದ ಹಕ್ಕಿಯಾಗಲಿ ಮನುಷ್ಯನಾಗಲಿ ಪ್ರಾಣಿಯಾಗಲಿ ತಿಂದರೆ ಅದು ನೆಟ್ಟವನಿಗೆ ದಾನ. ಇಲ್ಲಿ ಬೆಲೆ ಇರುವುದು ಫಲಕ್ಕೆ. ಇನ್ನೊಂದು ವಿಚಿತ್ರವಾದದ್ದು. ಪ್ರಳಯ ಬಂದೇಬಿಟ್ಟಿತೆನ್ನಿ, ನಿಮ್ಮ ಕೈಯಲ್ಲೊಂದು ಸಸಿ ಇದೆ, ನೆಡಲು ಸಾಧ್ಯವಾದರೆ ನೆಟ್ಟುಬಿಡಿ ಎನ್ನುತ್ತದೆ ಅದು. ಆ ಗಿಡದಲ್ಲಿ ಯಾರೂ ಹಣ್ಣು ಕೀಳುವುದಿಲ್ಲ, ಯಾವ ಹಕ್ಕಿಯೂ ಕೂರುವುದಿಲ್ಲ. ಅದು ಒಂದು ಗಳಿಗೆಯೂ ಜಾರಿಯಲ್ಲಿರುವುದಿಲ್ಲ. ಆದರೂ ನೆಡಬೇಕು.

ಈ ಎರಡನ್ನೂ ಒಟ್ಟಿಗೆ ಹಿಡಿದರೆ ಬಡ್ಡಿಯ ಲೆಕ್ಕ ಮುರಿದುಬೀಳುತ್ತದೆ. ನೆಡುವವನು ಫಲದ ಆಸೆ ಇಟ್ಟುಕೊಳ್ಳಬಹುದು, ಅದರಲ್ಲಿ ತಪ್ಪಿಲ್ಲ. ಫಲದ ಭರವಸೆ ಇಲ್ಲವೆಂದು ಕೈಕಟ್ಟಿ ಕೂರುವಂತಿಲ್ಲ. ಹರಿಯುವಂತೆ ಮಾಡುವುದು ಅವನೊಬ್ಬನ ಕೆಲಸವೂ ಅಲ್ಲ. ಬಾವಿ ತೋಡಿಸಿದ ಒಬ್ಬರ ಹೆಸರು ನಮಗೆ ಗೊತ್ತು. ಅದರ ಹೂಳು ತೆಗೆದವರು, ಹಗ್ಗ ಬದಲಿಸಿದವರು, ಕುಸಿದ ಕಟ್ಟೆಯನ್ನು ಮತ್ತೆ ಕಟ್ಟಿದವರು ಯಾರೆಂದು ಯಾವ ಗ್ರಂಥದಲ್ಲೂ ಬರೆದಿಲ್ಲ. ಹೊಸ ಬಾವಿ ತೋಡಿಸುವಷ್ಟು ಶಕ್ತಿ ನಮ್ಮಲ್ಲಿ ಹೆಚ್ಚಿನವರಿಗೆ ಎಂದೂ ಬರಲಾರದು. ಆದರೆ ನಮ್ಮ ಹಾಸ್ಟೆಲಿನಲ್ಲಿ, ಗ್ರಂಥಾಲಯದಲ್ಲಿ, ಮಸೀದಿಯ ಅಂಗಳದಲ್ಲಿ, ಬಸ್ ನಿಲ್ದಾಣದಲ್ಲಿ ಯಾರೋ ಎಂದೋ ಕೊಟ್ಟುಹೋದ ಒಂದು ನಲ್ಲಿ ಇವತ್ತು ಕೆಟ್ಟು ನಿಂತಿರುತ್ತದೆ. ಪ್ಲಂಬರನ್ನು ಕರೆಸಲು ಬೇಕಾಗುವುದು ಒಂದು ಫೋನ್ ಕರೆ, ಒಂದಿಷ್ಟು ರೂಪಾಯಿ.